ಗಾಳಿಯಲ್ಲೂ ಸರದಿ ಬೇಕು



ಕೆಂಗೇರಿ, ರಾಮೋಹಳ್ಳಿ, ತಾವರೆಕೆರೆ ಕಡೆಯ ಹೂವು ಮತ್ತು ತರಕಾರಿ ಬೆಳೆಗಾರರು ಮಣ್ಣಿನ ತೇವಾಂಶ ತಿಳಿಸುವ ನಿಸ್ತಂತು ಉಪಕರಣಗಳ ಬಗ್ಗೆ ವಿಚಾರಿಸುವುದುಂಟು. ತಾಕಿನಲ್ಲಿ ನೆಟ್ಟ ಸೆನ್ಸರ್ ತೇವಾಂಶವನ್ನು ಅಳೆದು, ತಂತಿಯಿಲ್ಲದೆ ರೇಡಿಯೋ ಅಲೆಯ ಮೂಲಕ ಕಂಬದ ಮೇಲಿನ ಗ್ರಾಹಕ ಪೆಟ್ಟಿಗೆಗೆ ಕಳುಹಿಸುತ್ತದೆ. ಅಲ್ಲಿಂದ ಅದು ತಮ್ಮ ಮೊಬೈಲಿಗೆ ಬರುತ್ತದೆ. ಬೆಲೆ ಎಷ್ಟು, ಸಹಾಯಧನ ಉಂಟೇ, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಪಕ್ಕದ ಹೊಲದ ಉಪಕರಣವೂ ಅದೇ ಕ್ಷಣದಲ್ಲಿ ಮಾತನಾಡಿದರೆ ಗತಿಯೇನು ಎಂದು ಕೇಳುವವರು ವಿರಳ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಕೆರೆಯ ಅಚ್ಚುಕಟ್ಟಿನಲ್ಲಿ ನೀರುಗಂಟಿ ತೂಬು ತೆರೆದು ಒಬ್ಬೊಬ್ಬರ ಗದ್ದೆಗೆ ಸರದಿಯ ಮೇಲೆ ನೀರು ಹಾಯಿಸುತ್ತಿದ್ದುದು ತಮಗೆ ತಿಳಿದದ್ದೇ. ರೇಡಿಯೋ ಅಲೆಗಳ ಹಾದಿಯೂ ಹಾಗೆಯೇ ಹಂಚಿಕೊಂಡು ಬಳಸಬೇಕಾದ ಸ್ವತ್ತು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ವರೆಗಿನ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳು ಪರವಾನಗಿ ಇಲ್ಲದೆ ಬಳಸಬಹುದು. ದೂರಕ್ಕೆ ಮಾತನಾಡುವ ಕೃಷಿ ಸೆನ್ಸರುಗಳಲ್ಲಿ ಅನೇಕವು ಈ ಪಟ್ಟಿಯಲ್ಲೇ ಇವೆ. ಪರವಾನಗಿ ಬೇಡವೆಂಬುದು ಅನುಕೂಲವೇ ಸರಿ. ಆದರೆ ಇಲ್ಲಿ ನೀರುಗಂಟಿಯೂ ಇಲ್ಲವೆಂಬುದನ್ನು ಮರೆಯಬಾರದು. ಎರಡು ಸಂದೇಶಗಳು ಒಂದೇ ಜಾಡಿನಲ್ಲಿ ಒಂದೇ ಹೊತ್ತಿಗೆ ಗ್ರಾಹಕವನ್ನು ತಲುಪಿದರೆ ಒಂದರ ಮೇಲೊಂದು ಬಿದ್ದು ಕೆಡುತ್ತವೆ. ಇದಕ್ಕೆ ಸಂದೇಶಗಳ ಡಿಕ್ಕಿ ಎನ್ನುತ್ತಾರೆ.

ಈ ತೊಡಕು ಹೊಸದೇನಲ್ಲ. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ದ್ವೀಪಗಳ ನಡುವೆ ರೇಡಿಯೋ ಮೂಲಕ ಕಂಪ್ಯೂಟರುಗಳನ್ನು ಜೋಡಿಸಿದಾಗಲೇ ಇದು ಎದುರಾಯಿತು. ಅವರ 'ಅಲೋಹಾ' ಪದ್ಧತಿಯಲ್ಲಿ ಯಾರಿಗೆ ಬೇಕೋ ಅವರು ಮಾತನಾಡುವುದು, ಉತ್ತರ ಬಾರದಿದ್ದರೆ ಸ್ವಲ್ಪ ತಡೆದು ಮತ್ತೆ ಹೇಳುವುದು. ಹೀಗೆ ಮನಬಂದಂತೆ ಮಾತನಾಡಿದರೆ ಹಾದಿಯ ಸಾಮರ್ಥ್ಯದಲ್ಲಿ ಶೇಕಡಾ 18ಕ್ಕಿಂತ ಹೆಚ್ಚು ಉಪಯೋಗಕ್ಕೆ ಬಾರದೆಂದು ಲೆಕ್ಕದಿಂದ ತಿಳಿದುಬಂದಿದೆ. ಕಾಲವನ್ನು ಸಮನಾದ ತುಂಡುಗಳಾಗಿ ಮಾಡಿ, ತುಂಡಿನ ಆರಂಭದಲ್ಲಷ್ಟೇ ಮಾತನಾಡಬೇಕೆಂದು ಕಟ್ಟುಪಾಡು ಮಾಡಿದರೆ ಇದು ಇಮ್ಮಡಿಯಾಗುತ್ತದೆ. ಇಂದು ಪ್ರಚಾರದಲ್ಲಿರುವ ಲೋರಾ ಸೆನ್ಸರುಗಳು ಹೆಚ್ಚಾಗಿ ನಡೆಯುವುದು ಆ ಹಳೆಯ ಮನಬಂದ ಪದ್ಧತಿಯಲ್ಲಿಯೇ.

ನಮ್ಮ ಹೊಲಗಳಿಗೆ ಈ ಲೆಕ್ಕವನ್ನು ಅನ್ವಯಿಸಿ ನೋಡೋಣ. ದೂರದ ತಾಕಿನಿಂದ ಅತಿ ನಿಧಾನದ ವೇಗದಲ್ಲಿ ಕಳುಹಿಸಿದ ಪುಟ್ಟ ಸಂದೇಶ ಗಾಳಿಯಲ್ಲಿ ಸುಮಾರು ಒಂದೂವರೆ ಸೆಕೆಂಡು ಇರುತ್ತದೆ. ಒಂದೇ ಗ್ರಾಹಕ ಪೆಟ್ಟಿಗೆಗೆ, ಒಂದೇ ಜಾಡಿನಲ್ಲಿ, ಇಂತಹ 40 ಸೆನ್ಸರುಗಳು 15 ನಿಮಿಷಕ್ಕೊಮ್ಮೆ ಮನಬಂದಂತೆ ಮಾತನಾಡಿದರೆ ಸರಿಸುಮಾರು ಎಂಟರಲ್ಲಿ ಒಂದು ಸಂದೇಶ ಡಿಕ್ಕಿಗೆ ಸಿಲುಕುತ್ತದೆ. ಗಂಟೆಗೊಮ್ಮೆ ಮಾತನಾಡಿದರೆ ಮೂವತ್ತರಲ್ಲಿ ಒಂದು. ಸರದಿ ಹಾಕಿದರೆ 15 ನಿಮಿಷದಲ್ಲಿಯೂ ಪ್ರತಿಯೊಂದಕ್ಕೂ 22 ಸೆಕೆಂಡು ಸಿಗುತ್ತದೆ, ಬೇಕಾದದ್ದು ಒಂದೂವರೆ!

ಆದರೆ ಸರದಿಗೆ ಗಡಿಯಾರ ಬೇಕು. ಅಗ್ಗದ ಗಡಿಯಾರಗಳು ದಿನಕ್ಕೆ ಒಂದೆರಡು ಸೆಕೆಂಡು ಹಿಂದೆಮುಂದೆ ಆಗುತ್ತವೆ. ಒಂದು ಮುಂದೆ, ಇನ್ನೊಂದು ಹಿಂದೆ ಸರಿಯುತ್ತ ಹೋದರೆ ವಾರದೊಳಗೆ ಒಬ್ಬರ ಸರದಿ ಇನ್ನೊಬ್ಬರ ಸರದಿಯ ಮೇಲೆ ಬಂದೀತು. ಗ್ರಾಹಕ ಪೆಟ್ಟಿಗೆ ಆಗಾಗ್ಗೆ ಸರಿಯಾದ ವೇಳೆಯನ್ನು ತಿಳಿಸುವ ವ್ಯವಸ್ಥೆ ಇರಲೇಬೇಕು.

ಮೇಲಿನ ಲೆಕ್ಕಕ್ಕಿಂತ ಹೆಚ್ಚಿನ ಕೇಡು ತ್ರೀ ಫೇಸ್ ಕರೆಂಟಿನಿಂದ ಬರುತ್ತದೆ. ಪಂಪ್‌ಸೆಟ್ಟುಗಳಿಗೆ ಕರೆಂಟು ಪಾಳಿಯಲ್ಲಿ ಬರುವುದಷ್ಟೆ. ಬಂದ ಕ್ಷಣವೇ ಆ ಲೈನಿನ ಮೋಟರು ನಿಯಂತ್ರಕಗಳೆಲ್ಲ ಒಟ್ಟಿಗೆ ಎಚ್ಚರಗೊಂಡು 'ನಾನು ಬಂದೆ' ಎಂದು ಕೂಗತೊಡಗಿದರೆ ಒಂದೂ ಕೇಳಿಸುವುದಿಲ್ಲ. ಎಲ್ಲವೂ ಸರಿಯಾಗಿ ಒಂದು ನಿಮಿಷ ತಡೆದು ಮತ್ತೆ ಕೂಗಿದರೆ ಮತ್ತೆ ಡಿಕ್ಕಿಯೇ. ತಡೆಯುವ ಹೊತ್ತು ಒಂದೊಂದಕ್ಕೂ ಬೇರೆ ಬೇರೆಯಾಗಿರಬೇಕು. ಇದನ್ನು ಮಾಡದೆ ಮಾರುವವರನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಇದಕ್ಕೆ ಬಿಡಿಭಾಗದ ಖರ್ಚು ಏನೂ ಇಲ್ಲ.

ಡಿಕ್ಕಿಯಲ್ಲಿ ಯಾವಾಗಲೂ ಎರಡೂ ನಷ್ಟವಾಗುತ್ತವೆ ಎಂದೂ ಇಲ್ಲ. ಸಾಕಷ್ಟು ಬಲವಾದ ಸಂದೇಶ ಉಳಿದು, ದುರ್ಬಲವಾದದ್ದು ಅಳಿಯುವುದುಂಟು. ಕಂಬದ ಹತ್ತಿರದ ತಾಕಿನದು ಸಾಮಾನ್ಯವಾಗಿ ಗೆಲ್ಲುತ್ತದೆ. ದೂರದ ತಾಕಿನದು ಸೋಲುತ್ತದೆ. ನಾಲೆಯ ಕೊನೆಭಾಗದ ರೈತನ ಪಾಡು ಇಲ್ಲಿಯೂ ತಪ್ಪಲಿಲ್ಲ. ಬೇಸಾಯಶಾಸ್ತ್ರದ ದೃಷ್ಟಿಯಿಂದ ನನಗೆ ಹೆಚ್ಚಿನ ಆತಂಕ ಇದೇ: ಹೊಸ ಅಳತೆ ಬಾರದಿದ್ದಾಗ ಮೊಬೈಲು ಹಳೆಯ ಅಂಕಿಯನ್ನೇ ತೋರಿಸುತ್ತಿದ್ದರೆ, ಬಾಡುತ್ತಿರುವ ಬೆಳೆಯನ್ನು ನೀರುಂಡ ಬೆಳೆಯೆಂದು ತಿಳಿಯುತ್ತೇವೆ. ಅಂಕಿಯ ಜೊತೆಗೆ ಅದು ಬಂದ ವೇಳೆಯನ್ನೂ ತೋರಿಸದ ಉಪಕರಣವನ್ನು ಕೊಳ್ಳಬೇಡಿ.

'ಮೊದಲು ಕಿವಿಗೊಟ್ಟು ಕೇಳಿ, ಹಾದಿ ಖಾಲಿಯಿದ್ದರೆ ಮಾತನಾಡಲಿ' ಎಂದು ತಾವು ಹೇಳಬಹುದು. ವೈಫೈ ಹಾಗೆಯೇ ನಡೆಯುತ್ತದೆ. ವಿಜಯನಗರ, ರಾಜಾಜಿನಗರದ ಒತ್ತೊತ್ತಾದ ಮನೆಗಳಲ್ಲಿ ಒಂದಕ್ಕೊಂದು ತಾಗದ ಜಾಡುಗಳು 2.4 ಗಿಗಾಹರ್ಟ್ಸ್‌ನಲ್ಲಿ ಮೂರೇ ಇದ್ದರೂ ಕೆಲಸ ಸಾಗುತ್ತಿರುವುದು ಈ ಕಾಯುವ ಗುಣದಿಂದ. ಆದರೆ ತುರಹಳ್ಳಿಯಂತಹ ಗುಡ್ಡದ ಎರಡು ಮಗ್ಗುಲಲ್ಲಿ ಎರಡು ಸೆನ್ಸರುಗಳಿದ್ದರೆ ಒಂದರ ದನಿ ಇನ್ನೊಂದಕ್ಕೆ ಕೇಳಿಸದು; ನೆತ್ತಿಯ ಮೇಲಿನ ಗ್ರಾಹಕಕ್ಕೆ ಮಾತ್ರ ಎರಡೂ ಕೇಳಿಸುತ್ತವೆ. ಎರಡೂ 'ಹಾದಿ ಖಾಲಿ' ಎಂದು ತಿಳಿದು ಹೊರಟು ಅಲ್ಲಿ ಡಿಕ್ಕಿಯಾಗುತ್ತವೆ. ಆದುದರಿಂದ ಏರುತಗ್ಗಿನ ನೆಲದಲ್ಲಿ ಕೇಳಿ ಮಾತನಾಡುವುದಷ್ಟೇ ಸಾಲದು.

ನಮ್ಮ ರಾಜ್ಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಸ್ವಿಟ್ಜರ್ಲೆಂಡಿನ ಲೋಸಾನ್‌ನ ವಿಜ್ಞಾನಿಗಳು ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಮಳೆಯಾಶ್ರಿತ ರೈತರಿಗಾಗಿ ಇಂತಹ ಸೆನ್ಸರು ಜಾಲವನ್ನು 2010ಕ್ಕೆ ಮೊದಲೇ ಪ್ರಯೋಗಿಸಿದ್ದರು. ಅದು ಒಂದೇ ಯೋಜನೆಯ ಕೈಯಲ್ಲಿದ್ದ ಜಾಲ. ಇಂದು ಅಕ್ಕಪಕ್ಕದ ಹೊಲಗಳಲ್ಲಿ ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳು ಬರಲಿವೆ. ಉಪಕರಣ ಕೆಲವೇ ಇರುವಾಗ ಈ ಚಿಂತೆ ಏಕೆ ಎನ್ನುವವರಿದ್ದಾರೆ. ಕೊಳವೆ ಬಾವಿಗಳು ಕೆಲವೇ ಇದ್ದಾಗಲೂ ಇದೇ ಮಾತು ಕೇಳಿಬಂದಿತ್ತು!

ಕೊಳ್ಳುವ ಮುನ್ನ ಅಕ್ಕಪಕ್ಕದವರು ಕೂಡಿ ಕುಳಿತು ಒಂದೇ ಗ್ರಾಹಕ ಪೆಟ್ಟಿಗೆ, ಒಂದೇ ಸರದಿ ಪಟ್ಟಿ ಎಂದು ಗೊತ್ತುಮಾಡಿಕೊಳ್ಳುವುದು ಲೇಸು. ಬಯಲಿನ ಕೆಂಪು ಮಣ್ಣಿನಲ್ಲಿ ತೇವಾಂಶ 15 ನಿಮಿಷಕ್ಕೆ ಗಮನಾರ್ಹವಾಗಿ ಬದಲಾಗುವುದಿಲ್ಲ. ಮೂರು ಗಂಟೆಗೊಮ್ಮೆ ತಿಳಿದರೆ ಧಾರಾಳವಾಯಿತು. ಪಾಲಿಹೌಸಿನಲ್ಲಿ ತೆಂಗಿನ ನಾರಿನ ಪುಡಿಯಲ್ಲಿ ಬೆಳೆಯುವವರಿಗೆ ಮಾತ್ರ ಪದೇ ಪದೇ ಬೇಕಾದೀತು. ಮೋಟರಿನ ಆಜ್ಞೆಯ ಮಾತು ಬೇರೆ: 'ತಲುಪಿತು' ಎಂಬ ಮರುಸಂದೇಶ ಬರುವವರೆಗೆ ಅದು ತಲುಪಿಲ್ಲವೆಂದೇ ಭಾವಿಸತಕ್ಕದ್ದು. ಬಾವಿಯಲ್ಲಿ ನೀರು ತೀರಿದಾಗ ಮೋಟರನ್ನು ನಿಲ್ಲಿಸುವ ರಕ್ಷಣೆಯಂತೂ ಪ್ಯಾನಲ್ ಬೋರ್ಡಿನೊಳಗೇ ಇರಲಿ, ಗಾಳಿಯ ಸಂದೇಶಕ್ಕಾಗಿ ಅದು ಕಾಯುವಂತಾಗಬಾರದು.