ನೊಗಕ್ಕೊಂದು ಜಿಪಿಎಸ್ ಕಟ್ಟಿ ನೋಡಿ

2020ರ ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ ಅಶ್ವತ್ಥಪುರದ ಓಟಗಾರ ಶ್ರೀನಿವಾಸ ಗೌಡ ಕೋಣಗಳ ಜೋಡಿಯೊಂದಿಗೆ 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಲೆಕ್ಕ ಹಾಕಿದರು: 100 ಮೀಟರಿಗೆ 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ ದಾಖಲೆ 9.58. ದೇಶ ಹುಬ್ಬೇರಿಸಿತು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ರಯಲ್ಸ್‌ಗೆ ಕರೆದರು. ಕಂಬಳವೇ ಬೇರೆ, ಟ್ರ್ಯಾಕ್ ಓಟವೇ ಬೇರೆ ಎಂದು ಗೌಡರು ಹೋಗಲಿಲ್ಲ.

ಅವರು ಹೇಳಿದ್ದೇ ಸರಿ. ಆ 9.55 ಯಾವ ಗಡಿಯಾರವೂ ತೋರಿಸಿದ ಅಂಕಿಯಲ್ಲ, ಶಾಲೆಯಲ್ಲಿ ಕಲಿತ ತ್ರೈರಾಶಿ. ಕೋಣಗಳು ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಒಂದೇ ವೇಗದಲ್ಲಿ ಓಡಿದವು ಎಂದುಕೊಂಡರೆ ಮಾತ್ರ ಆ ಲೆಕ್ಕ ನಿಲ್ಲುತ್ತದೆ. ಬೋಲ್ಟ್ ಅರವತ್ತು ಮೀಟರ್ ದಾಟಿದ ಮೇಲೆ ಗಂಟೆಗೆ ಸುಮಾರು 44 ಕಿ.ಮೀ. ಮುಟ್ಟಿದ್ದು ಅಳೆದು ಗೊತ್ತು. ಕೋಣ ಎಲ್ಲಿ ವೇಗ ಏರಿಸಿತು, ಎಲ್ಲಿ ಸೋತಿತು ಎಂಬುದು 13.62ರೊಳಗೇ ಹೂತುಹೋಗಿದೆ. 2021ರಲ್ಲಿ ಕಕ್ಯಪದವಿನಲ್ಲಿ ಗೌಡರು ಓಡಿದ್ದು 125 ಮೀಟರ್, 11.21 ಸೆಕೆಂಡು. ಕರೆಯ ಉದ್ದವೇ ಬೇರೆಯಾದಾಗ ಹೋಲಿಸುವುದು ಯಾವುದನ್ನು?

ಈ ತೊಡಕನ್ನು ಕಾರ್ಟ್ ರೇಸಿನವರು ಎಂದೋ ಬಿಡಿಸಿಕೊಂಡಿದ್ದಾರೆ. ನೆಲಕ್ಕೆ ಅಂಟಿದಂತೆ ಓಡುವ ಆ ಪುಟ್ಟ ಬಂಡಿಯ ಸ್ಟೀರಿಂಗಿಗೆ ಜಿಪಿಎಸ್ ಇರುವ ಲಾಗರ್ ಎಂಬ ದಾಖಲೆಯಂತ್ರ ಕೂರಿಸುತ್ತಾರೆ. ಅದು ಸೆಕೆಂಡಿಗೆ ಹತ್ತು ಸಲ ಬಂಡಿ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಬರೆದಿಡುತ್ತದೆ. ಸಂಜೆ ಎರಡು ಸುತ್ತುಗಳ ವೇಗದ ಗೆರೆಗಳನ್ನು ಒಂದರ ಮೇಲೊಂದಿಟ್ಟರೆ ಯಾವ ತಿರುವಿನಲ್ಲಿ ಬೇಗ ಬ್ರೇಕ್ ಹಾಕಿದ್ದೆಂದು ಬಂಡಿ ಓಡಿಸಿದ ಹುಡುಗ ತಾನೇ ಕಂಡುಕೊಳ್ಳುತ್ತಾನೆ. ಗದರುವ ಗುರು ಬೇಕಾಗುವುದಿಲ್ಲ.

ಕುಂದಾಪುರ, ಬೈಂದೂರಿನ ಕಡೆ ಇದನ್ನು ಕಂಬಳದಲ್ಲಿ ಪ್ರಯೋಗಿಸಲು ಜಾಗವೂ ಇದೆ, ಜನರೂ ಇದ್ದಾರೆ. ಬೈಂದೂರಿನ ವಿಶ್ವನಾಥ ದೇವಾಡಿಗರಂಥ ಕಂಬಳದ ಓಟಗಾರರು ಈ ನೆಲದವರೇ. ಹಾಗೆಂದು ವಂಡಾರು, ತಗ್ಗರ್ಸೆಯ ಸಾಂಪ್ರದಾಯಿಕ ಕಂಬಳಗದ್ದೆಗೆ ಯಂತ್ರ ಇಳಿಸಬೇಕೆಂದಲ್ಲ. ಅಲ್ಲಿ ಕೋಣ ಗದ್ದೆಗಿಳಿಯುವುದು ಹರಕೆಗೆ, ದೈವಕ್ಕೆ. ಸೆಕೆಂಡಿನ ಲೆಕ್ಕ ಅಲ್ಲಿ ಅಧಿಕಪ್ರಸಂಗ. ಅಳತೆ ಬೇಕಿರುವುದು ಎರಡು ಕರೆಗಳು ಅಕ್ಕಪಕ್ಕ ಇರುವ ಸ್ಪರ್ಧೆಯ ಜೋಡುಕರೆಗೆ, ಅದಕ್ಕೂ ಮೊದಲು ಋತು ಶುರುವಾಗುವ ಮುನ್ನ ನಡೆಯುವ ಅಭ್ಯಾಸದ ಓಟವಾದ ಕುದಿಗೆ.

ಉಪಕರಣದ ಮಿತಿಯನ್ನೂ ಹೇಳಲೇಬೇಕು. ಸೆಕೆಂಡಿಗೆ ಹತ್ತೂವರೆ ಮೀಟರ್ ಓಡುವ ಕೋಣ ಎರಡು ದಾಖಲೆಗಳ ನಡುವೆ ಒಂದು ಮೀಟರ್ ಮುಂದೆ ಹೋಗಿರುತ್ತದೆ. ಸ್ಥಾನದ ಲೆಕ್ಕ ಎರಡು ಮೂರು ಮೀಟರ್ ಆಚೀಚೆ ಆಗುವುದುಂಟು, ತೆಂಗಿನ ತೋಟದ ಮರೆಯಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಗೆದ್ದವರು ಯಾರೆಂದು ಜಿಪಿಎಸ್ ಹೇಳಬಾರದು. ಅದು ಓಟ ಮುಗಿಯುವ ಮಂಜೊಟ್ಟಿಯ ಲೇಸರ್ ಕಿರಣದ ಕೆಲಸ. ಓಟದ ನಡುವೆ ವೇಗ ಹೇಗೆ ಏರಿಳಿಯಿತು ಎನ್ನುವುದಕ್ಕೆ ಮಾತ್ರ ಲಾಗರ್ ಸಾಕು. ಕೆಸರುನೀರು ಒಳಹೋಗದ ಡಬ್ಬಿಯಲ್ಲಿಟ್ಟು ನೊಗಕ್ಕೆ ಬಿಗಿದರೆ ಕೋಣಕ್ಕೆ ಭಾರವೂ ಆಗದು.

ಕೋಣಗಳ ಯಜಮಾನರಿಗೆ ತಮ್ಮ ಜೋಡಿಯ ಗುಟ್ಟು ಬಯಲಾದೀತೆಂಬ ಅಳುಕಿದ್ದರೆ ದಾಖಲೆ ಅವರ ಬಳಿಯೇ ಇರಲಿ.

ಇದರಿಂದ ದೊಡ್ಡ ಲಾಭ ಬೇರೆಯೇ ಇದೆ. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳ ಕಾನೂನಿನ ತೊಡಕಿಗೆ ಸಿಕ್ಕಿತು. ಕಂಬಳಕ್ಕೆ ಅವಕಾಶ ಕೊಟ್ಟ ರಾಜ್ಯದ ತಿದ್ದುಪಡಿ ಕಾಯ್ದೆಯನ್ನು ಅದೇ ನ್ಯಾಯಾಲಯ ಎತ್ತಿಹಿಡಿದದ್ದು 2023ರ ಮೇ 18ರಂದು. ಈ ವರ್ಷಗಳುದ್ದಕ್ಕೂ ವಾದ ಸುತ್ತಿದ್ದು ಪ್ರಾಣಿಹಿಂಸೆಯ ಸುತ್ತಲೇ. ಬಾರುಕೋಲಿನ ಏಟಿಗೆ ಕೋಣ ನಿಜಕ್ಕೂ ವೇಗ ಪಡೆಯುತ್ತದೆಯೇ? ಈ ಪ್ರಶ್ನೆಗೆ ಎರಡೂ ಕಡೆಯವರ ಬಳಿ ಇರುವುದು ನಂಬಿಕೆ. ಒಂದೇ ಜೋಡಿಯನ್ನು ಏಟಿಲ್ಲದೆ ಕುದಿಯಲ್ಲಿ ಹತ್ತು ಸಲ ಓಡಿಸಿ, ಕಂಬಳದ ದಿನದ ಗೆರೆಯ ಪಕ್ಕದಲ್ಲಿಟ್ಟರೆ ಉತ್ತರದ ಮೊದಲ ಸುಳಿವಾದರೂ ಸಿಕ್ಕೀತು. ಕಂಬಳ ಸಮಿತಿಗಳು ಮುಂದಿನ ಋತುವಿಗೆ ಮುನ್ನ ನಾಲ್ಕೈದು ಜೋಡಿಗಳಲ್ಲಿ ಇದನ್ನು ಮಾಡಿ ನೋಡಬಹುದು. ಕೋಣ ಸಾಕುವ ವೆಚ್ಚದ ಮುಂದೆ ಲಾಗರಿನ ಬೆಲೆ ಲೆಕ್ಕಕ್ಕೇ ಬಾರದು.