ಕಾಳನ ಪಾಲು

ಪುಣೆಯ ನಮ್ಮ ಅಪಾರ್ಟ್‌ಮೆಂಟ್ ಗೇಟಿನ ಬೀದಿನಾಯಿ ಕಾಳನಿಗೆ ರಾತ್ರಿ ಉಳಿದದ್ದನ್ನು ಹಾಕುವುದು ನನ್ನ ರೂಢಿ. ಊರಲ್ಲಿ ಅಜ್ಜಿ ಮಾಡುತ್ತಿದ್ದುದೂ ಅದೇ. ಕಳೆದ ವರ್ಷ ನಾಲ್ಕೈದು ದಿನ ಈರುಳ್ಳಿ ಹುಳಿ ಕಲಸಿದ ಅನ್ನ ತಿಂದ ಕಾಳ ಮಂಕಾದ, ಒಸಡು ಬಿಳಿಚಿತು. ಪಶುವೈದ್ಯರು ಮೊದಲು ಕೇಳಿದ್ದೇ, ‘ಈರುಳ್ಳಿ ಹಾಕಿದ್ರಾ?’

ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ; ಬೇಯಿಸಿದರೂ ಆ ಗುಣ ಹೋಗದು. ದಿನವೂ ಸ್ವಲ್ಪಸ್ವಲ್ಪ ಸೇರಿದರೂ ಅಪಾಯವೇ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಹುದು. ಬೆಂದ ಕೋಳಿಮೂಳೆ ಸೀಳಿ ಕರುಳಿಗೆ ಚುಚ್ಚೀತು. ಚಾಕೊಲೇಟೂ ಬೇಡ.

ಹಾಗೆಂದು ಅನ್ನ ಹಾಕುವುದನ್ನೇ ನಿಲ್ಲಿಸಬೇಕಿಲ್ಲ. ಸಪ್ಪೆ ಅನ್ನ, ಬೇಯಿಸಿದ ಮೊಟ್ಟೆ ಧಾರಾಳವಾಗಿ ಕೊಡಬಹುದು. ಚಿಕಿತ್ಸೆಯಿಂದ ಕಾಳ ಚೇತರಿಸಿಕೊಂಡ. ಪರಊರಲ್ಲಿ ನನ್ನನ್ನು ಮೊದಲು ಗುರುತು ಹಿಡಿದ ಜೀವ ಅದು. ಸಾರು ಕಲಸುವ ಮುನ್ನವೇ ಅವನ ಪಾಲು ಎತ್ತಿಡುತ್ತೇನೆ, ನೀವೂ ಎತ್ತಿಡಿ.