ಇಪ್ಪತ್ತೇಳು ಕೋಟಿ ಎಲ್ಲಿಂದ ಬಂತು?

ಮೊನ್ನೆ ಶಾಲೆ ಬಿಟ್ಟ ಮೇಲೆ ನಾವು ಹಾಜರಿ ಪುಸ್ತಕ ಮುಚ್ಚುತ್ತಿರುವಾಗ ಊರಿನ ರೈತರೊಬ್ಬರು ಬಂದು ಜಗಲಿಯ ಮೇಲೆ ಕುಳಿತರು. ಅವರ ಮಗ ನಮ್ಮಲ್ಲಿ ಎಂಟನೆಯ ತರಗತಿ. ಎಡಗೈಯಿಂದ ಚೆಂಡು ಎಸೆಯುವುದರಲ್ಲಿ ಜಾಣ; ಗಣಿತದಲ್ಲಿ ಅಷ್ಟಿಲ್ಲ.

"ಮೇಷ್ಟ್ರೇ, ಹುಡುಗನ್ನ ಮೈಸೂರಲ್ಲಿ ಕ್ರಿಕೆಟ್ ಕಲಿಸೋ ಕಡೆ ಸೇರಿಸೋಣ ಅಂತಿದ್ದೀನಿ. ಕೆರೆ ಕೆಳಗಿನ ಅರ್ಧ ಎಕರೆ ಕೊಟ್ಟುಬಿಟ್ರೆ ಆಯ್ತು. ಒಬ್ಬೊಬ್ಬನಿಗೆ 27 ಕೋಟಿ ಕೊಡ್ತಾರಂತೆ, ನಿಜವಾ? ಅಷ್ಟು ದುಡ್ಡು ಅವರಿಗೆ ಎಲ್ಲಿಂದ ಬತ್ತದೆ?" ಎಂದರು.

ನಿಜವೇ. 2024ರ ನವೆಂಬರಿನಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್ ಅವರನ್ನು ಲಖನೌ ತಂಡ 27 ಕೋಟಿ ರೂಪಾಯಿಗೆ ಕೊಂಡಿತು. ಆದರೆ ಎರಡನೆಯ ಪ್ರಶ್ನೆಗೆ ನಾವು ಆ ಸಂಜೆ ಸರಿಯಾದ ಉತ್ತರ ಕೊಡಲಿಲ್ಲ. ಅರ್ಧ ಎಕರೆಯ ಮಾತಾದ್ದರಿಂದ ಬಾಯಿಗೆ ಬಂದದ್ದನ್ನು ಹೇಳುವಂತಿರಲಿಲ್ಲ. ಎರಡು ದಿನ ಕಾಲಾವಕಾಶ ಕೇಳಿ, ಕಾಗದ ಪೆನ್ನು ಹಿಡಿದು ಕುಳಿತೆವು.

ಲೆಕ್ಕ ಶುರುವಾಗುವುದು ಮೈದಾನದಲ್ಲಲ್ಲ, ನಮ್ಮ ನಿಮ್ಮ ಮನೆಯ ನಡುಮನೆಯಲ್ಲಿ. 2023ರಿಂದ 2027ರವರೆಗಿನ ಐದು ವರ್ಷಗಳ ಪಂದ್ಯಗಳನ್ನು ತೋರಿಸುವ ಹಕ್ಕನ್ನು ಕ್ರಿಕೆಟ್ ಮಂಡಳಿಯು ಸುಮಾರು 48,390 ಕೋಟಿ ರೂಪಾಯಿಗೆ ಮಾರಿತು. ಅದರ ಹಿಂದಿನ ಐದು ವರ್ಷಗಳ ಹಕ್ಕು ಹೋಗಿದ್ದುದು 16,347 ಕೋಟಿಗೆ. ಐದು ವರ್ಷಕ್ಕೆ 410 ಪಂದ್ಯಗಳೆಂದು ಹಿಡಿದರೆ ಒಂದು ಪಂದ್ಯಕ್ಕೆ 118 ಕೋಟಿ ಬೀಳುತ್ತದೆ. ಪಂದ್ಯಕ್ಕೆ 40 ಓವರು, 240 ಚೆಂಡು. ಅಂದರೆ ಚೆಂಡೊಂದಕ್ಕೆ ಹತ್ತಿರ ಹತ್ತಿರ 49 ಲಕ್ಷ! ಈ ಭಾಗಾಕಾರವನ್ನು ಎಂಟನೆಯ ತರಗತಿಯ ಕರಿಹಲಗೆಯ ಮೇಲೂ ಮಾಡಿಸಿದೆವು. ಮಕ್ಕಳ ಮನಸ್ಸಿನಲ್ಲಿರುವ ವಸ್ತುವಿನಿಂದಲೇ ಲೆಕ್ಕ ಹುಟ್ಟಬೇಕೆಂದು ತರಬೇತಿಯ ದಿನಗಳಲ್ಲಿ ಕಲಿತದ್ದು ಇಷ್ಟು ಚೆನ್ನಾಗಿ ಎಂದೂ ಫಲಿಸಿರಲಿಲ್ಲ. ಭಾಗಾಕಾರವೆಂದರೆ ಬೆನ್ನು ತಿರುಗಿಸುತ್ತಿದ್ದ ನಮ್ಮ ಎಡಗೈ ಬೌಲರನೇ ಮೊದಲು ಉತ್ತರ ಹೇಳಿದ.

ಈ ಹಣದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಮಂಡಳಿ ಇಟ್ಟುಕೊಂಡು ಉಳಿದರ್ಧವನ್ನು ಹತ್ತು ತಂಡಗಳಿಗೆ ಹಂಚುತ್ತದೆ. ವರ್ಷವೊಂದಕ್ಕೆ ತಂಡಕ್ಕೆ ಸುಮಾರು 480 ಕೋಟಿ ಎಂದಾಯಿತು. ಅತ್ತ, ಆ ಹರಾಜಿನಲ್ಲಿ ಆಟಗಾರರಿಗಾಗಿ ತಂಡವೊಂದು ಖರ್ಚು ಮಾಡಬಹುದಾಗಿದ್ದ ಗರಿಷ್ಠ ಮೊತ್ತ 120 ಕೋಟಿ. ಟಿಕೆಟ್ ಮಾರುವ ಮೊದಲೇ, ಅಂಗಿಯ ಮೇಲೆ ಒಂದು ಕಂಪನಿಯ ಹೆಸರು ಹೊಲಿಸುವ ಮೊದಲೇ, ಆಟಗಾರರ ಕೂಲಿಯ ನಾಲ್ಕರಷ್ಟು ಹಣ ಪೆಟ್ಟಿಗೆಗೆ ಬಂದಿರುತ್ತದೆ. 27 ಕೋಟಿ ನಮಗೆ ಬೆಟ್ಟ. ಅವರಿಗೆ ಬೆಟ್ಟದ ಮೇಲಿನ ಒಂದು ಗುಂಡು.

ಇದಕ್ಕೆ ಇನ್ನೊಂದು ಮುಖವಿದೆ. ರಸ್ತೆ ಬದಿಯ ಹೊಲವನ್ನು ಕೊಂಡವನು ವರ್ಷಕ್ಕೆ ಎಷ್ಟು ರಾಗಿ ಬಂತೆಂದು ಮಾತ್ರ ನೋಡುವುದಿಲ್ಲ. ಹೊಲದ ಬೆಲೆಯೇ ಏರುತ್ತಿರುತ್ತದೆ. 2008ರಲ್ಲಿ ವಿಜಯ್ ಮಲ್ಯ ಬೆಂಗಳೂರು ತಂಡವನ್ನು 11 ಕೋಟಿ 16 ಲಕ್ಷ ಡಾಲರಿಗೆ, ಅಂದಿನ ಲೆಕ್ಕದಲ್ಲಿ ಸುಮಾರು 450 ಕೋಟಿ ರೂಪಾಯಿಗೆ, ಹಿಡಿದರು. 2021ರಲ್ಲಿ ಇನ್ನೂ ಹುಟ್ಟದ ಲಖನೌ ತಂಡಕ್ಕೆ ಬಿದ್ದ ಬೆಲೆ 7,090 ಕೋಟಿ. ಹೊಲ ಹೀಗೆ ಬೆಳೆಯುವಾಗ ಒಡೆಯನು ಒಂದು ವರ್ಷದ ಬೆಳೆ ಕೈಕೊಟ್ಟಿತೆಂದು ಅಳುವುದಿಲ್ಲ.

ಅಮೆರಿಕಾದವರ ಬೇಸ್‌ಬಾಲ್ ಆಟದಲ್ಲಿ ಇದಕ್ಕಿಂತ ದೊಡ್ಡ ಸಂಖ್ಯೆಗಳಿವೆ. ಅಲ್ಲಿ ಇಂತಿಷ್ಟೇ ಖರ್ಚು ಮಾಡಬೇಕೆಂಬ ಕಟ್ಟುನಿಟ್ಟಿಲ್ಲ. ಮಿತಿ ಮೀರಿದವರು ದಂಡದಂತಹ ತೆರಿಗೆ ಕಟ್ಟಿದರೆ ಮುಗಿಯಿತು. 2023ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ಡಾಡ್ಜರ್ಸ್ ತಂಡ ಜಪಾನಿನ ಶೊಹೆಯ್ ಓಟಾನಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಿತು. ಆ ತಂಡ 2013ರಲ್ಲೇ ತನ್ನ ಪಂದ್ಯಗಳ ದೂರದರ್ಶನ ಹಕ್ಕನ್ನು 25 ವರ್ಷಕ್ಕೆ 835 ಕೋಟಿ ಡಾಲರಿಗೆ ಮಾರಿಕೊಂಡಿದೆ. ಇಷ್ಟಾದರೂ 70 ಕೋಟಿಯಲ್ಲಿ 68 ಕೋಟಿಯನ್ನು ಬಡ್ಡಿಯಿಲ್ಲದೆ 2034ರಿಂದ 2043ರವರೆಗೆ ಕೊಡುವ ಕರಾರು! ಕೋಸು ತುಂಬಿಕೊಂಡು ಹೋಗಿ, ದುಡ್ಡು ಮುಂದಿನ ಸಂತೆಗೆ ಎನ್ನುವ ವ್ಯಾಪಾರಿಯನ್ನು ನಾವು ಬಲ್ಲೆವು. ಅದನ್ನೇ ಅವರು ಬಂಗಾರದ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ, ಅಷ್ಟೆ.

ಕಟ್ಟಕಡೆಗೆ ಕೊಡುವವರು ಯಾರು? ಹಕ್ಕು ಕೊಂಡವರು ಜಾಹೀರಾತಿನವರಿಂದ ವಸೂಲು ಮಾಡುತ್ತಾರೆ. ಜಾಹೀರಾತಿನವರು ಸೋಪಿನ ಬಿಲ್ಲೆಯಲ್ಲಿ, ಸಿಮೆಂಟಿನ ಚೀಲದಲ್ಲಿ, ತಂಪು ಪಾನೀಯದಲ್ಲಿ ನಮ್ಮಿಂದ ವಸೂಲು ಮಾಡುತ್ತಾರೆ. ಮೊಬೈಲಿನಲ್ಲಿ ತೋರಿಸುವ ಹಕ್ಕೊಂದೇ ಸುಮಾರು 20,500 ಕೋಟಿಗೆ ಹೋದದ್ದು ತಾಳವಾಡಿಯ ಹುಡುಗರ ರೀಚಾರ್ಜನ್ನೂ ಲೆಕ್ಕಕ್ಕೆ ಹಿಡಿದೇ. ಹಣ ಕಟ್ಟಿ ಆಡುವ ಮೊಬೈಲ್ ಆಟಗಳ ಕಂಪನಿಗಳೂ ಕ್ರಿಕೆಟ್ಟಿಗೆ ಧಾರಾಳವಾಗಿ ಸುರಿದವು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯಿದೆ ಬಂದ ಮೇಲೆ ಆ ಬಾಗಿಲು ಮುಚ್ಚಿತು. ಮುಚ್ಚಿದ್ದು ಒಳ್ಳೆಯದಾಯಿತೆಂಬುದು ನಮ್ಮ ಅಭಿಪ್ರಾಯ. ಅಷ್ಟರೊಳಗೆ ಹಸು ಮಾರಿ ಸಾಲ ತೀರಿಸಿದ ಮನೆಗಳು ನಮ್ಮ ಕಣ್ಣ ಮುಂದಿವೆ.

ಹಣ ಮಾತ್ರವಲ್ಲ, ಮನಸ್ಸನ್ನೂ ಕೊಡುತ್ತೇವೆ. ನಮ್ಮ ಬೆಟ್ಟದ ಮನೆಗಳಲ್ಲಿ ಅಣ್ಣ ಬೆಂಗಳೂರು, ತಮ್ಮ ಚೆನ್ನೈ. ಗಡಿ ಊಟದ ತಟ್ಟೆಗಳ ನಡುವೆ ಹಾದುಹೋಗುತ್ತದೆ. 2025ರ ಜೂನ್ 3ರಂದು ಬೆಂಗಳೂರು ತಂಡ ಮೊದಲ ಬಾರಿಗೆ ಗೆದ್ದಾಗ ಇಲ್ಲಿಯೂ ಪಟಾಕಿ ಹಾರಿತು. ಮರುದಿನ ಬೆಂಗಳೂರಿನ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಅಂದು ಆ ಮಾತನ್ನು ತರಗತಿಯಲ್ಲಿ ಎತ್ತಲು ನಮಗೆ ನಾಲಗೆ ಬರಲಿಲ್ಲ.

ಎರಡು ದಿನ ಕಳೆದು ರೈತರು ಬಂದಾಗ ಇಷ್ಟನ್ನೂ ಹೇಳಿದೆವು. ಜೊತೆಗೆ ಇನ್ನೂ ಎರಡು ಸಂಗತಿ. ಜೆಡ್ಡಾದ ಹರಾಜಿಗೆ ಹೆಸರು ಕೊಟ್ಟವರು 1,574 ಮಂದಿ, ಮಾರಾಟವಾದವರು 182. ಮಾರಾಟವಾದವರ ಬೆಲೆಯೂ ನಿಲ್ಲುವುದಿಲ್ಲ: ನಮ್ಮ ಪಕ್ಕದ ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ಎಡಗೈ ಬೌಲರ್ ನಟರಾಜನ್ 2017ರಲ್ಲಿ 3 ಕೋಟಿಗೆ ಹೋದವರು 2018ರಲ್ಲಿ 40 ಲಕ್ಷಕ್ಕೆ ಇಳಿದರು, ಜೆಡ್ಡಾದಲ್ಲಿ 10 ಕೋಟಿ 75 ಲಕ್ಷಕ್ಕೆ ಏರಿದರು. ಕರ್ನಾಟಕದ ಕೃಷ್ಣಪ್ಪ ಗೌತಮ್ 2021ರಲ್ಲಿ 9 ಕೋಟಿ 25 ಲಕ್ಷ, ಮರುವರ್ಷ 90 ಲಕ್ಷ.

ರೈತರು ಬಹಳ ಹೊತ್ತು ಸುಮ್ಮನಿದ್ದರು. "ಆ ನಟರಾಜನ್ ಅಪ್ಪ ಹೊಲ ಮಾರಿದ್ನಾ?" ಎಂದು ಕೇಳಿದರು. ಮಾರಲು ಹೊಲ ಇರಲಿಲ್ಲ, ಕೂಲಿಯ ಮನೆ. ಹುಡುಗ ಇಪ್ಪತ್ತರ ಆಸುಪಾಸಿನವರೆಗೆ ಊರಿನಲ್ಲಿ ಟೆನಿಸ್ ಚೆಂಡಿನಲ್ಲೇ ಆಡಿದ ಎಂದೆವು. ಮೈಸೂರು ಹತ್ತಿರವಾದರೂ ಈರೋಡು ಜಿಲ್ಲೆಯ ಹುಡುಗನಿಗೆ ಸಹಜವಾದ ದಾರಿ ದಿಂಬಂ ಘಾಟಿಯ 27 ತಿರುವು ಇಳಿದು ಜಿಲ್ಲಾ ತಂಡದ ಆಯ್ಕೆಗೆ ಹೋಗುವುದೇ ಎಂದೂ ತಿಳಿಸಿದೆವು. ಬಸ್ಸಿನ ಖರ್ಚು ನಾವು ನೋಡಿಕೊಳ್ಳುತ್ತೇವೆ ಎಂಬ ಮಾತು ನಮ್ಮ ಬಾಯಿಂದ ಹೇಗೆ ಬಂತೋ ತಿಳಿಯದು.

"ಅರ್ಧ ಎಕರೆಗೆ ಈ ಸಲ ಬೆಳ್ಳುಳ್ಳಿ ಹಾಕ್ತೀನಿ ಮೇಷ್ಟ್ರೇ" ಎನ್ನುತ್ತ ಅವರು ಎದ್ದರು. ಹೊರಗೆ ಮೈದಾನದಲ್ಲಿ ಹುಡುಗ ಓಡಿಬಂದು ಚೆಂಡು ಎಸೆಯುತ್ತಿದ್ದ. ತಂದೆ ಬೇಲಿಯ ಪಕ್ಕದಲ್ಲಿ ನಿಂತು ಒಂದು ಓವರು ಪೂರ್ತಿ ನೋಡಿ ಹೋದರು.